ಗುಬ್ಬಿಯ ಹಳದಿ ಗೆರೆ

"ಟಾರ್ಚು ಸಾಕಾ ಸಾರ್? ಇನ್ನೊಂದು ಕೊಡ್ಲಾ?" ಮೇಲಿನಿಂದ ಚಿಕ್ಕ ಮೇಸ್ತ್ರಿ ಕೇಳಿದ.

"ಬೇಡಪ್ಪ," ಎಂದೆ. ಆ ಗುಂಡಿಯಲ್ಲಿ ನನಗೇ ಜಾಗ ಸಾಲದೆ ಒದ್ದಾಡುತ್ತಿದ್ದೆ. ಇನ್ನೊಂದು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕಿತ್ತು, ಅಷ್ಟೆ.

ಶೆಡ್ಡಿನ ನೆಲದಲ್ಲಿ ಆಳುದ್ದ ತೋಡಿ ಸಿಮೆಂಟು ಮೆತ್ತಿದ ಗುಂಡಿ ಅದು. ಕಾರು ಮೇಲೆ ನಿಂತರೆ ಮೇಸ್ತ್ರಿ ಕೆಳಗಿಳಿದು ಅದರ ಹೊಟ್ಟೆ ನೋಡಬಹುದು. ಏಳು ವರ್ಷದ ಹಿಂದೆ ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟ ದೊಡ್ಡ ಮೇಸ್ತ್ರಿ ಮತ್ತೆ ಮನೆಗೆ ಬಂದಿರಲಿಲ್ಲ. ತಮ್ಮನಾದ ಈ ಚಿಕ್ಕ ಮೇಸ್ತ್ರಿಯೇ ಅವನ ಕಥೆ ಮುಗಿಸಿ, ಇದೇ ಗುಂಡಿಯ ತಳದಲ್ಲಿ ಹೂತು, ಮೇಲೆ ಸಿಮೆಂಟು ಹಾಕಿದ್ದಾನೆ ಎಂಬುದು ಬೀದಿಯವರ ತೀರ್ಮಾನ. ನಾನು ನಿಂತಿದ್ದುದು ಆ ಸಿಮೆಂಟಿನ ಮೇಲೆ. ಕಾಲನ್ನು ಆದಷ್ಟು ಹಗುರವಾಗಿ ಇಟ್ಟಿದ್ದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ತಲೆಯ ಮೇಲೆ ಗುಬ್ಬಿ ನಿಂತಿತ್ತು. ಎರಡೇ ಬಾಗಿಲಿನ, ತಿಳಿ ನೀಲಿ ಬಣ್ಣದ ಪುಟ್ಟ ಕಾರು. ಗುಜರಿಯಲ್ಲಿ ತುಕ್ಕು ತಿನ್ನುತ್ತ ಬಿದ್ದಿದ್ದ ಅದನ್ನು ಅಣ್ಣ ತಮ್ಮ ಇಬ್ಬರೂ ಸೇರಿ ಎಳೆದು ತಂದಿದ್ದರು. ಕೆಲಸ ಅರ್ಧಕ್ಕೆ ಬಂದಾಗ ಅಣ್ಣ ಕಾಣೆಯಾದ. ಉಳಿದರ್ಧವನ್ನು ತಮ್ಮ ಒಬ್ಬನೇ ಮುಗಿಸಿದ. ಬೆಕ್ಕು ಹತ್ತಿದರೂ ಬೈಯುತ್ತಿದ್ದ ಅವನು, ಹೋದ ತಿಂಗಳು ಇದ್ದಕ್ಕಿದ್ದಂತೆ ಗೇಟಿಗೆ "ಮಾರಾಟಕ್ಕಿದೆ" ಎಂದು ಬೋರ್ಡು ತೂಗಿಸಿಬಿಟ್ಟ.

ಕೊಂಡವರು ನನ್ನ ಹಲ್ಲಿನ ಡಾಕ್ಟರು. ಇವತ್ತು ಬಂದು ಗಾಡಿ ಒಯ್ಯುವವರಿದ್ದರು. ಅದಕ್ಕೆ ಮೊದಲು ಅವರ ಪರವಾಗಿ ಗಾಡಿಯ ತಳ ನೋಡಲು ಬಂದವನು ಎಂಬ ನೆಪದಲ್ಲಿ ನಾನು ಗುಂಡಿಗೆ ಇಳಿದಿದ್ದೆ. ನನ್ನನ್ನು ನಿಜವಾಗಿ ಕಳಿಸಿದವರು ದೊಡ್ಡ ಮೇಸ್ತ್ರಿಯ ಹೆಂಡತಿ. ಊರಿನವರ ಬಾಯಲ್ಲಿ ಹೊಲಿಗೆ ಟೀಚರ್.

ಬರುವ ಸೋಮವಾರ ಟೀಚರ್ ಕೋರ್ಟಿನಲ್ಲಿ ನಿಂತು, ಏಳು ವರ್ಷದಿಂದ ಗಂಡನ ಸುಳಿವೇ ಇಲ್ಲ ಎಂದು ಪ್ರಮಾಣ ಮಾಡಬೇಕು. ಮಾಡಿದರೆ ಅವನು ಸತ್ತವನೆಂದೇ ಲೆಕ್ಕ.

"ಬಾಗಿಲ ಸದ್ದಾದಾಗೆಲ್ಲ ಎದ್ದು ಹೋಗಿದ್ದೀನಿ," ಎಂದಿದ್ದರು ಅವರು ನನ್ನ ಪತ್ತೇದಾರಿ ಆಫೀಸಿನಲ್ಲಿ ಕೂತು. "ಇನ್ನು ನನ್ನ ಕೈಲಾಗಲ್ಲ. ಹಾಗಂತ ಸುಳ್ಳು ಪ್ರಮಾಣ ಮಾಡೋಳೂ ನಾನಲ್ಲ. ನನ್ನ ಮೈದುನನಿಗೆ ಏನೋ ಗೊತ್ತಿದೆ. ಇಲ್ದಿದ್ರೆ ಅವನು ಗುಬ್ಬಿನ ಮಾರ್ತಾನೇ ಇರ್ಲಿಲ್ಲ. ಏನದು ಅಂತ ಸೋಮವಾರದ ಒಳಗೆ ನನಗೆ ಹೇಳಿ."

ಇವತ್ತು ಶನಿವಾರ.

ಟಾರ್ಚನ್ನು ಒಂದೊಂದು ನಟ್ಟಿನ ಮೇಲೂ ಆಡಿಸಿದೆ. ಪ್ರತಿ ನಟ್ಟಿಗೂ ಎರಡು ಗೆರೆ ಎಳೆದಿತ್ತು. ಒಂದು ಬಿಳಿ, ಪಕ್ಕದಲ್ಲೇ ಒಂದು ಹಳದಿ. ನಟ್ಟಿನ ಮೇಲೆ ಹತ್ತಿ, ಇಳಿದು, ಅದರ ಬದಿಯ ಕಬ್ಬಿಣದವರೆಗೆ ಹರಿದ ಗೆರೆಗಳು. ನಟ್ಟು ಮುಂದೆಂದಾದರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗುಟ್ಟು ಹೇಳಿಬಿಡುತ್ತದೆ. ಒಳ್ಳೆಯ ಉಪಾಯ. ಆದರೆ ಇಲ್ಲಿ ಕೆಳಗಿದ್ದ ನಟ್ಟುಗಳಲ್ಲಿ ಹಳದಿ ನೆಟ್ಟಗಿತ್ತು, ಬಿಳಿ ಮಾತ್ರ ಅಂಚಿನಲ್ಲಿ ಚೂರು ಮುರಿದಿತ್ತು. ಪರೀಕ್ಷೆಗೆಂದು ಓಡಿಸಿದಾಗ ಕುಲುಕಿರಬೇಕು ಅಂದುಕೊಂಡೆ.

ಮೇಲೆ ಹತ್ತುವಾಗ ಅಂಗಿಯ ತೋಳು ಸ್ಟೇರಿಂಗಿನ ಸರಳಿಗೆ ಉಜ್ಜಿತು. ತೋಳಿನ ಅಂಚಿಗೆ ಹಳದಿ ಮೆತ್ತಿಕೊಂಡಿತು. ಬಿಳಿ ಅಂಗಿ, ಮೊನ್ನೆ ತಾನೇ ಇಸ್ತ್ರಿ ಮಾಡಿದ್ದು. ಮನೆಯಲ್ಲಿ ನನಗೆ ಕಾದಿದ್ದ ಪೂಜೆಯನ್ನು ನೆನೆದು, ಈ ಕಸುಬಿಗೆ ಬಂದ ಗಳಿಗೆಯನ್ನೇ ಶಪಿಸಿದೆ.

* * *

"ಹೇಗಿದಾಳೆ ಸಾರ್?" ಚಿಕ್ಕ ಮೇಸ್ತ್ರಿ ಕೈ ಹಿಡಿದು ಎಳೆದುಕೊಂಡ. ನಲವತ್ತು ದಾಟಿದ ಬಡಕಲು ಮನುಷ್ಯ. ಮಗಳನ್ನು ನೋಡಲು ಬಂದವರ ಎದುರು ನಿಂತಂತೆ ನಿಂತಿದ್ದ.

"ಕಣ್ಣು ಬೀಳೋ ಹಾಗಿದ್ದಾಳೆ," ಎಂದೆ. ಸುಳ್ಳಲ್ಲ. ಬಾಗಿಲಿನ ಹಿಡಿಕೆ ಬೆರಳಿಗೆ ತಾಗಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಸೀಟಿನ ಹೊಲಿಗೆಯಲ್ಲಿ ಒಂದೇ ಒಂದು ಎಳೆ ಹೆಚ್ಚುಕಮ್ಮಿ ಇರಲಿಲ್ಲ. ಅದು ಟೀಚರ್ ಕೈಚಳಕ ಎಂದು ಅವನೇ ಹೇಳಿದ. ಗಾಜಿನ ಸುತ್ತಲಿನ ರಬ್ಬರು ಸಿಗದೆ ಎರಡು ವರ್ಷ ಅಲೆದನಂತೆ. ಅಷ್ಟು ಪ್ರೀತಿಯಿಂದ ಕಟ್ಟಿದ್ದನ್ನು ಮನುಷ್ಯ ಸುಮ್ಮನೆ ಮಾರುವುದಿಲ್ಲ. ಏನನ್ನೋ ಮುಚ್ಚಿಡಲು ಮಾರುತ್ತಾನೆ ಎಂದು ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಅವನು ಬಾನೆಟ್ ಎತ್ತಿದ. "ಈ ಬ್ರೇಕ್ ಸಿಲಿಂಡರ್ ನೋಡಿ ಸಾರ್. ಲೋಕದಲ್ಲೆಲ್ಲೂ ಸಿಗ್ತಿರ್ಲಿಲ್ಲ. ಹೋದ ವರ್ಷ ಸಿಕ್ತು."

ಆ ಸಿಲಿಂಡರಿನ ನಟ್ಟುಗಳಿಗೂ ಎರಡೆರಡು ಗೆರೆ. ಇಲ್ಲಿ ಬಿಳಿಯೂ ನೆಟ್ಟಗೆ, ಹಳದಿಯೂ ನೆಟ್ಟಗೆ.

"ಇದೇನು ಹೋಳಿ ಆಡಿದ ಹಾಗೆ?" ಎನ್ನಲು ಹೊರಟು ಬಾಯಿ ಬದಲಿಸಿದೆ. "ಎರಡು ಬಣ್ಣ ಯಾಕಪ್ಪ?"

"ಬಿಳಿ ನಂದು, ಹಳದಿ ಅಣ್ಣಂದು," ಎಂದ ಹೆಮ್ಮೆಯಿಂದ. "ಬಿಗಿ ಮಾಡಿದವನೇ ಪರೀಕ್ಷೆ ಮಾಡೋ ಹಾಗಿಲ್ಲ. ನಾನು ಬಿಗಿ ಮಾಡಿ ಬಿಳಿ ಎಳೀತೀನಿ. ಅಣ್ಣ ಸ್ಪ್ಯಾನರ್ ಹಾಕಿ ನೋಡಿ ಹಳದಿ ಎಳೀತಾನೆ. ಎರಡೂ ಗೆರೆ ಬೀಳದೆ ಈ ಗೇಟು ದಾಟಿದ ಗಾಡಿನೇ ಇಲ್ಲ. ನಮ್ಮಪ್ಪನ ಕಾಲದಿಂದ ಶೆಡ್ಡಿನ ಕಾನೂನು."

ಹೇಳಿ ಮುಗಿಸಿ ಬಟ್ಟೆಯಿಂದ ಸಿಲಿಂಡರ್ ಒರೆಸತೊಡಗಿದ. ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತು.

"ಹೋದ ವರ್ಷ ಸಿಕ್ಕಿದ ಸಾಮಾನಿನ ಮೇಲೆ, ಏಳು ವರ್ಷದ ಹಿಂದೆ ಹೋದವನ ಗೆರೆ ಹೇಗಪ್ಪ ಬಂತು?"

ಬಟ್ಟೆ ನಿಂತಿತು.

"ನೀವು ಡಾಕ್ಟರ ಕಡೆಯವರಲ್ಲ," ಎಂದ ತಲೆ ಎತ್ತದೆ.

"ಅಲ್ಲ. ನಿನ್ನ ಅತ್ತಿಗೆ ಕಡೆಯವನು."

"ಆ ಹಳದಿನೂ ನಾನೇ ಎಳೆದಿದ್ದು."

"ನಿಮ್ಮಪ್ಪನ ಕಾನೂನು ಮುರಿದೆಯಾ?"

ಅವನು ಬಾನೆಟ್ ಇಳಿಸಿ ಮುಚ್ಚಿದ. ಕೊಲೆ ಮಾಡಿದ್ದೇನೆ ಎಂದಾದರೂ ಒಪ್ಪಿಯಾನು, ಬಿಗಿ ಮಾಡಿದ ನಟ್ಟನ್ನು ತಾನೇ ಪರೀಕ್ಷೆ ಮಾಡಿದೆ ಎಂದು ಈ ಮನುಷ್ಯ ಒಪ್ಪಲಾರ. ಬೇರೆ ಯಾರಾದರೂ ಆಗಿದ್ದರೆ ಗಾಡಿ ಮಾರುವ ಮುನ್ನ ಆ ಗೆರೆಗಳ ಮೇಲೆ ಕಪ್ಪು ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತಿದ್ದರು. ಎರಡು ಗೆರೆ ಇಲ್ಲದ ಗಾಡಿಯನ್ನು ಪರರ ಕೈಗೆ ಕೊಡಲು ಇವನಿಗೆ ಮನಸ್ಸು ಬಂದಿರಲಿಲ್ಲ.

"ಅಣ್ಣ ಬರ್ತಾನಾ ಇಲ್ಲಿಗೆ?" ದನಿ ತಗ್ಗಿಸಿ ಕೇಳಿದೆ.

ಅವನು ಹಳೆಯ ಟಯರಿನ ಮೇಲೆ ಕುಸಿದು ಕೂತ. "ಬರ್ತಾನೆ."

"ಮಾತಾಡಿದೀಯಾ?"

"ಒಂದು ದಿನಾನೂ ಕಣ್ಣಿಗೆ ಬಿದ್ದಿಲ್ಲ ಸಾರ್. ಅವನು ಹೋದಮೇಲೆ ನಾನು ಕೆಲಸಾನೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಹೊರಗೆ ಹೋಗಿ ಬಂದು ನೋಡ್ತೀನಿ, ಗುಬ್ಬಿ ಗಾಲಿಗೆ ಹಳದಿ ಗೆರೆ ಬಿದ್ದಿದೆ. ಆವತ್ತು ಹುಚ್ಚನ ಥರ ಅತ್ತೆ. ಮಾರನೇ ದಿನದಿಂದ ಮತ್ತೆ ಸ್ಪ್ಯಾನರ್ ಹಿಡಿದೆ. ಒಂದು ಕೆಲಸ ಮುಗಿಸಿ ಬಿಳಿ ಎಳೆದು, ಬೇಕಂತಲೇ ಹೊರಗೆ ಹೋಗ್ತಿದ್ದೆ. ಬೀಗದ ಕೈ ಮೀಟರ್ ಡಬ್ಬದ ಹಿಂದೆ ಇಟ್ಟಿರ್ತಿದ್ದೆ, ಅದು ಮನೆಯವರಿಗೆ ಮಾತ್ರ ಗೊತ್ತು. ವಾಪಸ್ ಬರೋ ಹೊತ್ತಿಗೆ ಹಳದಿ ಬಿದ್ದಿರ್ತಿತ್ತು."

"ಒಂದು ಸಲ ಬಚ್ಚಿಟ್ಟುಕೊಂಡು ನೋಡಬಾರದಿತ್ತಾ?"

"ನೋಡಿದ್ದು ಗೊತ್ತಾಗಿ, ಬರೋದೇ ನಿಲ್ಲಿಸಿಬಿಟ್ರೆ?"

ಪತ್ತೇದಾರನ ತಲೆಗೆ ಇಂಥ ಉತ್ತರ ಹೊಳೆಯುವುದಿಲ್ಲ.

"ಆವತ್ತು ಜಗಳ ಆಡಿದ್ವಿ ಸಾರ್," ಎಂದ ಅವನು. "ಗುಬ್ಬಿಗೆ ಯಾವ ಬಣ್ಣ ಅಂತ. ಅವನಿಗೆ ಕೆಂಪು ಬೇಕಿತ್ತು. ನಾನು ನೀಲಿನೇ ಅಂದೆ. 'ಆಯ್ತು ಕಣೋ, ನಿನ್ನ ಹಠಾನೇ ನಡೀಲಿ' ಅಂದು ಹೊರಟ. ಯಾರಾದ್ರೂ ಬಣ್ಣಕ್ಕೋಸ್ಕರ ಮನೆ ಬಿಟ್ಟು ಹೋಗ್ತಾರಾ, ಹೇಳಿ? ಕೆಂಪು ಬಳಿದಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಬಣ್ಣಕ್ಕಾಗಿ ಯಾರೂ ಹೆಂಡತಿಯನ್ನು ಬಿಟ್ಟು ಹೋಗುವುದಿಲ್ಲ. ಅಸಲು ಕಾರಣ ಬೇರೆ ಇದ್ದೇ ಇರಬೇಕು. ಆದರೆ ಉಳಿದುಹೋದವನಿಗೆ ಕೊರಗಲು ಒಂದು ಕಾರಣ ಬೇಕಾಗುತ್ತದೆ, ಇವನು ಇದನ್ನು ಹಿಡಿದುಕೊಂಡಿದ್ದ.

"ಅತ್ತಿಗೆಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಗಂಡ ಬರ್ತಾನೆ, ಕಾರು ನೋಡ್ಕೊಂಡು ಹೋಗ್ತಾನೆ, ನಿಮ್ಮನ್ನ ನೋಡಲ್ಲ ಅಂತಾನಾ?" ಅವನ ಕಣ್ಣು ತುಂಬಿ ಬಂತು. "ಅದಕ್ಕೇ ಮಾರ್ತಿರೋದು. ಗುಬ್ಬಿ ಇಲ್ಲಿರೋವರೆಗೂ ಅವನು ಶೆಡ್ಡಿಗೆ ಬರ್ತಾನೆ, ಮನೆಗೆ ಹೋಗಲ್ಲ. ಇದು ಇಲ್ದಿದ್ರೆ ಮನೆಗೇ ಹೋಗ್ಬೇಕು. ಸೋಮವಾರದ ಒಳಗೆ ಹೋಗ್ಲಿ ಅಂತ ಬೋರ್ಡು ಹಾಕಿದೆ. ಕೆಳಗಿನ ನಟ್ಟಿಗೆ ಮಾತ್ರ ಅವನು ಗೆರೆ ಎಳೀಲೇ ಇಲ್ಲ. ಮಂಡಿ ನೋವಿರ್ಬೇಕು, ಗುಂಡಿಗೆ ಇಳಿಯೋಕಾಗಲ್ವೇನೋ. ಅದೊಂದು ಕೊರಗು. ಒಂದೇ ಗೆರೆಯಲ್ಲಿ ಕಳಿಸ್ತಿದ್ದೀನಿ."

ಅವನ ಮಾತಿನ ಆ ಕೊನೆಯ ಭಾಗಕ್ಕೆ ನಾನು ಕಿವಿಗೊಡಬೇಕಿತ್ತು. ಕೊಡಲಿಲ್ಲ. ಹೊರಗೆ ಡಾಕ್ಟರ ದನಿ ಕೇಳಿಸಿತು.

* * *

ಹಲ್ಲಿನ ಡಾಕ್ಟರು ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ ಗುಬ್ಬಿಯನ್ನು ಮೂರು ಸುತ್ತು ಬಂದರು. ಇಲ್ಲಿಂದ ನೇರ ಮಾವನ ಮನೆಗೆ, ಪಕ್ಕದ ಊರಿಗೆ ಹೊರಡುವುದಂತೆ. "ನನ್ನ ಅಳಿಯನಿಗೆ ಬರೀ ಹಲ್ಲು ಕೀಳೋಕೆ ಬರುತ್ತೆ ಅಂತಾರೆ ನಮ್ಮ ಮಾವ. ಇವತ್ತು ನೋಡ್ಲಿ," ಎಂದು ಅವರೇ ನಕ್ಕರು. ನಮ್ಮಿಬ್ಬರಿಗೂ ನಗು ಬರಲಿಲ್ಲ.

"ತಳ ಹೇಗಿದೆ?" ಎಂದು ನನ್ನನ್ನು ಕೇಳಿದರು.

"ಗಟ್ಟಿಯಾಗಿದೆ," ಎಂದೆ. ಕೇಸು ಮುಗಿದಿತ್ತು. ದೊಡ್ಡ ಮೇಸ್ತ್ರಿ ಗುಂಡಿಯಲ್ಲಿಲ್ಲ, ಬದುಕಿದ್ದಾನೆ. ಈ ಮಾರಾಟ ತಡೆಯಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಚಿಕ್ಕ ಮೇಸ್ತ್ರಿ ಕಿಟಕಿಯ ಬಳಿ ಬಗ್ಗಿದ. "ಬೆಳಿಗ್ಗೆ ಚೋಕ್ ಎಳೆದ ಮೇಲೆ ಸ್ವಲ್ಪ ಕಾಯಿರಿ ಡಾಕ್ಟ್ರೇ. ಎರಡನೇ ಗೇರಿಗೆ ಅವಸರ ಮಾಡ್ಬೇಡಿ, ಅವಳಿಗೆ ಸ್ವಲ್ಪ ಸಂಕೋಚ. ಎಡಗಡೆ ಬಾಗಿಲು ಜೋರಾಗಿ ಹಾಕೋದು ಬೇಡ. ಬಿಸಿಲಲ್ಲಿ ನಿಲ್ಲಿಸಿದ್ರೆ..."

ಉಳಿದುದನ್ನು ಕೈಸನ್ನೆಯಲ್ಲಿ ಹೇಳಿ ಹಿಂದೆ ಸರಿದ.

ಗುಬ್ಬಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇಟು ದಾಟಿ, ತಿರುವಿನ ತನಕ ಹೋಗಿ, ಒಮ್ಮೆ ಹಾರ್ನ್ ಮಾಡಿ ಮರೆಯಾಯಿತು. ಶೆಡ್ಡಿನ ನಡುವೆ ತೆರೆದ ಗುಂಡಿ ಮಾತ್ರ ಉಳಿಯಿತು. ಅವನು ಒರೆಸುವ ಬಟ್ಟೆಯನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.

"ತಪ್ಪು ಮಾಡಿದ್ನಾ ಸಾರ್?"

"ಇಲ್ಲಪ್ಪ," ಎಂದೆ. ಹಾಗೆ ಹೇಳದೆ ಇನ್ನೇನು ಹೇಳಲಿ.

* * *

ಟೀಚರ್ ಊಟದ ಡಬ್ಬಿ ಹಿಡಿದು ಬಂದಾಗ ನಾವಿಬ್ಬರೂ ಹಾಗೇ ನಿಂತಿದ್ದೆವು. ದಿನವೂ ಮಧ್ಯಾಹ್ನ ಮೈದುನನಿಗೆ ಅವರೇ ಊಟ ತರುವುದು. ಅವನಿಲ್ಲದಿದ್ದರೆ ಶೆಡ್ಡಿನ ಹೊರಗಿನ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ.

ಖಾಲಿ ಜಾಗ ನೋಡಿ ಟೀಚರ್ ಬಾಗಿಲಲ್ಲೇ ನಿಂತರು. "ಕಳಿಸೇಬಿಟ್ಯಾ? ನಾನು ಒಂದು ಸಲ ನೋಡ್ತಿದ್ದೆ ಕಣೋ."

ನಾನು ಗಂಟಲು ಸರಿಮಾಡಿಕೊಂಡೆ. ಇಂಥ ಮಾತನ್ನು ಹೇಳುವ ಅದೃಷ್ಟ ನಮ್ಮ ಕಸುಬಿನಲ್ಲಿ ಅಪರೂಪ. "ಟೀಚರ್, ಸೋಮವಾರ ನೀವು ಕೋರ್ಟಿಗೆ ಹೋಗೋ ಅಗತ್ಯ ಇಲ್ಲ. ನಿಮ್ಮ ಯಜಮಾನರು ಬದುಕಿದ್ದಾರೆ. ಇಲ್ಲಿಗೆ ಬಂದು ಹೋಗ್ತಿದ್ದಾರೆ."

ಟೀಚರ್ ಒಂದು ಹೆಜ್ಜೆ ಒಳಗೆ ಬಂದರು. "ಯಾರು ನೋಡಿದ್ದು?"

"ಯಾರೂ ನೋಡಿಲ್ಲ. ಆದರೆ ಗುರುತು ಬಿಟ್ಟಿದ್ದಾರೆ. ಗುಬ್ಬಿಯ ನಟ್ಟುಗಳ ಮೇಲೆ, ಹೋದ ವರ್ಷ ಹಾಕಿದ ಸಾಮಾನಿನ ಮೇಲೂ, ಅವರ ಹಳದಿ ಗೆರೆ ಇದೆ."

ಟೀಚರ್ ಮುಖದಲ್ಲಿ ಸಂತೋಷ ಕಾಣುತ್ತೇನೆಂದು ಕಾದಿದ್ದೆ. ಇದ್ದ ಬಣ್ಣವೂ ಇಳಿದುಹೋಯಿತು. ಅವರು ನಿಧಾನವಾಗಿ ಮೈದುನನ ಕಡೆ ತಿರುಗಿದರು.

"ನೀನು... ಅದನ್ನ ಅವರು ಎಳೆದಿದ್ದು ಅಂದ್ಕೊಂಡಿದ್ಯಾ?"

"ಅತ್ತಿಗೆ?"

"ಅದು ನಾನು ಕಣೋ."

ಅವನು ನನ್ನ ಕಡೆ ನೋಡಿದ, ಮತ್ತೆ ಅತ್ತಿಗೆಯ ಕಡೆ ನೋಡಿದ.

"ಅವರು ಹೋದಮೇಲೆ ನೀನು ಗೋಡೆ ನೋಡ್ತಾ ಕೂತುಬಿಟ್ಟಿದ್ದೆ," ಎಂದರು ಟೀಚರ್. "ಊಟ ತಂದಾಗ ನೀನಿರ್ಲಿಲ್ಲ. ಮೀಟರ್ ಹಿಂದಿನ ಕೀ ತಗೊಂಡು ಒಳಗೆ ಬಂದೆ. ಗಾಲಿ ಮೇಲೆ ನಿನ್ನ ಬಿಳಿ ಗೆರೆ ಒಂದೇ ಇತ್ತು. ನೋಡೋಕೆ ಆಗ್ಲಿಲ್ಲ. ಅವರ ಸ್ಪ್ಯಾನರ್ ತಗೊಂಡೆ. ಒಂದೊಂದೇ ನಟ್ಟು ಹಿಡಿದು ನೋಡಿ, ಎಲ್ಲ ಗಟ್ಟಿ ಇದೆ ಅಂತ ಗೊತ್ತಾದ ಮೇಲೇ ಎಳೆದೆ. ಮಾರನೇ ದಿನ ನೀನು ಕೆಲಸ ಶುರು ಮಾಡಿದೆ. ನಾನೇ ಅಂತ ನಿನಗೆ ಗೊತ್ತಿದೆ, ಸಂಕೋಚಕ್ಕೆ ಸುಮ್ಮನಿದ್ದೀಯ ಅಂದ್ಕೊಂಡೆ. ನಾನೂ ಸುಮ್ಮನಿದ್ದೆ."

"ಎಲ್ಲಾನೂ ನೀವೇನಾ?"

"ಎಲ್ಲಾನೂ ನಾನೇ."

ಚಿಕ್ಕ ಮೇಸ್ತ್ರಿ ಮುಖ ಮುಚ್ಚಿಕೊಂಡ. ಏಳು ವರ್ಷ ಅವನ ಪಾಲಿಗೆ ಬದುಕಿದ್ದ ಅಣ್ಣ ಆ ಒಂದು ಮಾತಿಗೆ ಹೋಗಿಬಿಟ್ಟಿದ್ದ. ಅಣ್ಣನನ್ನು ಮನೆಗೆ ಕಳಿಸಲೆಂದು ಗುಬ್ಬಿಯನ್ನು ಮಾರಿದ್ದ, ಈಗ ಅಣ್ಣನೂ ಇಲ್ಲ, ಗುಬ್ಬಿಯೂ ಇಲ್ಲ. ಟೀಚರ್ ಅವನ ತಲೆಯ ಮೇಲೆ ಕೈಯಿಟ್ಟು, "ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಆಗಿತ್ತಲ್ಲೋ," ಎಂದು ತಾವೂ ಅತ್ತರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆ ಮನೆಯ ಗಾಯಕ್ಕೆ ಕೈಹಾಕಿ ಕೆದಕಿದವನು ನಾನೇ.

"ಹಾಗಿದ್ರೆ ಕೆಳಗಿನವಕ್ಕೆ ಯಾಕೆ ಎಳೀಲಿಲ್ಲ ಅತ್ತಿಗೆ?" ಮುಖ ಒರೆಸಿಕೊಳ್ಳುತ್ತ ಕೇಳಿದ ಅವನು, ಮಗುವಿನ ಹಾಗೆ.

"ಆ ಗುಂಡಿಗೆ ಇಳಿಯೋಕೆ ನನಗೆ ಧೈರ್ಯ ಆಗ್ಲಿಲ್ಲ. ಬೀದಿಯವರ ಮಾತು ಕಿವಿಗೆ ಬಿದ್ದಿತ್ತಲ್ಲ. ಒಂದು ದಿನಾನೂ ಇಳಿದಿಲ್ಲ."

ನನ್ನ ಕೈ ತಾನಾಗಿಯೇ ಮೇಲೆ ಬಂತು. ಅಂಗಿಯ ತೋಳಿನ ಅಂಚು ಕಣ್ಣಿಗೆ ಬಿತ್ತು.

"ಕೆಳಗೆ ಹಳದಿ ಇತ್ತು," ಎಂದೆ.

ಇಬ್ಬರೂ ನನ್ನನ್ನೇ ನೋಡಿದರು.

"ಎಲ್ಲ ನಟ್ಟಿಗೂ ಇತ್ತು. ಸ್ಟೇರಿಂಗಿನ ಹತ್ತಿರದ್ದು ಇನ್ನೂ ಒಣಗಿರಲಿಲ್ಲ. ಇಗೋ, ನನಗೆ ಮೆತ್ತಿದೆ. ಗುಂಡಿಯ ತಂಪಿಗೆ ಒಣಗೋದು ತಡ. ನಿನ್ನೆ ಎಳೆದದ್ದಿರಬೇಕು."

"ನಾನು ಗುಂಡಿಗೆ ಇಳಿದು ವಾರ ಆಯ್ತು," ಎಂದ ಚಿಕ್ಕ ಮೇಸ್ತ್ರಿ. ಎದ್ದು ನಿಂತಿದ್ದ. "ನನ್ನ ಬಿಳಿ ಗೆರೆ ಹೇಗಿತ್ತು ಸಾರ್? ಸರಿಯಾಗಿ ನೆನಪು ಮಾಡ್ಕೊಳ್ಳಿ. ಬಿಳಿ ಹೇಗಿತ್ತು?"

"ಅಂಚಿನಲ್ಲಿ ಚೂರು ಮುರಿದಿತ್ತು. ಎಲ್ಲದರಲ್ಲೂ."

"ನನ್ನ ಬಿಗಿ ಯಾವಾಗಲೂ ಒಂದು ಎಳೆ ಕಮ್ಮಿ ಅಂತಿದ್ದ ಅಣ್ಣ. ನಾನು ಎಷ್ಟೇ ಬಿಗಿ ಮಾಡಿದ್ರೂ ಅವನು ಇನ್ನೊಂದು ಎಳೆ ತಿರುಗಿಸಿ ನನ್ನ ಗೆರೆ ಮುರೀತಿದ್ದ. 'ನಿನ್ನ ಕೈಯಲ್ಲಿ ಜೀವ ಇಲ್ಲ ಕಣೋ' ಅಂತ ನಕ್ಕು, ಆಮೇಲೆ ಹಳದಿ ಎಳೀತಿದ್ದ. ಅತ್ತಿಗೆ, ನೀವು ತಿರುಗಿಸ್ತಿದ್ರಾ?"

"ನನಗೆಲ್ಲಿಂದ ಬರಬೇಕು ಆ ಶಕ್ತಿ?"

ಅವನು ಗೇಟಿನ ಕಡೆ ಓಡಿದ. ರಸ್ತೆ ಖಾಲಿಯಿತ್ತು. ಅಣ್ಣನ ಕೈಗುರುತು ಹೊತ್ತ ಗುಬ್ಬಿ ಅಷ್ಟು ಹೊತ್ತಿಗೆ ಊರು ದಾಟಿತ್ತು. "ಗಟ್ಟಿಯಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟು ಕಳಿಸಿದವನು ನಾನು.

ಟೀಚರ್ ಅಲುಗಲಿಲ್ಲ. "ಗುಬ್ಬಿನ ನೋಡೋಕೆ ಬಂದ್ರು," ಎಂದರು ಮೆಲ್ಲಗೆ. "ಬೋರ್ಡು ನೋಡಿ ಬಂದಿರ್ತಾರೆ. ಎರಡು ಬೀದಿ ಆಚೆ ನಾನಿದ್ದೆ."

ಆಮೇಲೆ, ಬಂದ ಕೆಲಸ ಮುಗಿಸುವವರಂತೆ, ಕಿಟಕಿಯ ಬಳಿ ಹೋಗಿ ಹೊಸ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ನಿನ್ನೆಯ ಡಬ್ಬಿಯನ್ನು ಕೈಗೆತ್ತಿಕೊಂಡರು. ಅದು ಖಾಲಿಯಾಗಿತ್ತು. ತೊಳೆದು, ನೀರು ಸೋರಲೆಂದು ಬೋರಲು ಹಾಕಿತ್ತು.

"ಇದನ್ನ ಯಾವಾಗ ತೊಳೆಯೋಕೆ ಕಲಿತೆ?" ಎಂದು ಅರ್ಧ ನಗುತ್ತ ಮೈದುನನನ್ನು ಕೇಳಿದರು.

ಗೇಟಿನಿಂದ ವಾಪಸು ಬರುತ್ತಿದ್ದ ಅವನು ನಿಂತಲ್ಲೇ ನಿಂತ.

"ನಿನ್ನೆ ನಾನು ಊಟಾನೇ ಮಾಡ್ಲಿಲ್ಲ ಅತ್ತಿಗೆ. ಡಬ್ಬಿ ಮುಟ್ಟೇ ಇಲ್ಲ."